ನೀರೇ ಕೋಟೆಯಾದ ಊರು

ವೆನಿಸ್ ನಗರವನ್ನು ಕುರಿತು ಮಾತನಾಡಬೇಕೆಂದು ಕೇಳಿದಾಗ ನಾನು ಮೊದಲು ಹಿಂದೆಗೆದೆ. ಆ ಊರಿನ ಮೇಲೆ ಈವರೆಗೆ ಬಂದಿರುವ ಬರವಣಿಗೆಯನ್ನೆಲ್ಲ ಅಲ್ಲಿನ ಕಾಲುವೆಗಳಿಗೆ ಸುರಿದರೆ ಅವು ಹೂತುಹೋದಾವು. ಬೆಳದಿಂಗಳು, ದೋಣಿಯ ಹಾಡು, ಅಮೃತಶಿಲೆಯ ಅರಮನೆ ಇವುಗಳನ್ನು ಕೇಳುಗರು ಸಿನಿಮಾಗಳಲ್ಲಿಯೇ ಬೇಕಾದಷ್ಟು ಕಂಡಿದ್ದಾರೆ. ಕೊನೆಗೆ ಒಪ್ಪಿಕೊಂಡದ್ದು ಒಂದೇ ಕಾರಣಕ್ಕೆ. ನಾನು ಆ ಊರನ್ನು ಅರ್ಧ ಮಾತ್ರ ನನ್ನ ಕಣ್ಣಿನಿಂದ ನೋಡಿದೆ. ಉಳಿದರ್ಧವನ್ನು ನನಗೆ ತೋರಿಸಿದವರು ನನ್ನ ಮಿತ್ರರು. ಅವರು ಕಂಡದ್ದನ್ನು ಪುಸ್ತಕಗಳಲ್ಲಿ ನಾನು ಅಷ್ಟಾಗಿ ಓದಿರಲಿಲ್ಲ.

ಮಿತ್ರರು ಮಂಡ್ಯದ ಸೀಮೆಯವರು. ವಿಶ್ವೇಶ್ವರಯ್ಯ ನಾಲೆಯ ಮೇಲೆ, ಅದರ ಕವಲುಗಳ ಮೇಲೆ, ಮೂವತ್ತು ವರ್ಷಕ್ಕೂ ಮಿಕ್ಕಿ ಓಡಾಡಿ ನಿವೃತ್ತರಾದ ಇಂಜಿನಿಯರರು. ನಾನು ಇತಿಹಾಸ ಹೇಳಿಕೊಂಡು ಬದುಕಿದವನು. ಅವರ ಬಾಯಲ್ಲಿ ಇಂದಿಗೂ 'ಮೇಷ್ಟ್ರು'. ನಾವಿಬ್ಬರೂ ವೆನಿಸ್ಸಿಗೆ ಹೋದದ್ದು 2023ರ ನವೆಂಬರ್ ಮೊದಲ ವಾರದಲ್ಲಿ. ಮೋಡ, ಮಳೆ, ಚಳಿ. ಹಾಗಾಗಿ ಬೆಳದಿಂಗಳಿನ ವಿಷಯವನ್ನು ನಾನು ಹೇಳಬೇಕೆಂದರೂ ಹೇಳುವಂತಿಲ್ಲ.

1846ರಲ್ಲಿ ಕಟ್ಟಿದ ಉದ್ದನೆಯ ಸೇತುವೆಯ ಮೇಲೆ ರೈಲು ನೀರನ್ನು ದಾಟಿ ಊರನ್ನು ಮುಟ್ಟುತ್ತದೆ. ಅಲ್ಲಿಯವರೆಗೆ ಈ ನಗರಕ್ಕೆ ದೋಣಿಯೊಂದೇ ದಾರಿಯಾಗಿತ್ತು. ನಿಲ್ದಾಣದಿಂದ ಹೊರಬಂದು ಮೆಟ್ಟಿಲಿಳಿದರೆ ಎದುರಿಗೆ ಜಟಕಾ ಇಲ್ಲ, ಮೋಟಾರಿಲ್ಲ, ಮಹಾಕಾಲುವೆ. ನಾನು ಆಚೆ ದಡದ ಹಸಿರು ಗುಮ್ಮಟವನ್ನು ನೋಡುತ್ತಿದ್ದೆ. ಮಿತ್ರರು ಕೆಳಗೆ ಬಗ್ಗಿ ನೀರನ್ನು ನೋಡುತ್ತಿದ್ದರು. 'ಮೇಷ್ಟ್ರೇ, ಈ ನೀರು ಯಾವ ಕಡೆಗೆ ಹರೀತದೆ?' ಎಂದರು. ನನಗೆ ತಿಳಿಯಲಿಲ್ಲ. ಹೋಟೆಲಿನಲ್ಲಿ ಸಾಮಾನಿಟ್ಟು, ಕಿಟಕಿಯ ಕೆಳಗಿನ ಸಣ್ಣ ಕಾಲುವೆಯಲ್ಲಿ ತೇಲುತ್ತಿದ್ದ ಒಂದು ಕಡ್ಡಿಯನ್ನು ಅವರು ಬಹಳ ಹೊತ್ತು ಗಮನಿಸಿದರು. ಮಧ್ಯಾಹ್ನ ಕಡ್ಡಿಗಳು ಬಲಕ್ಕೆ ಹೋಗುತ್ತಿದ್ದವು. ಸಂಜೆಯ ವೇಳೆಗೆ ನಿಂತವು. ದೀಪ ಹಚ್ಚಿದ ಮೇಲೆ ನೋಡಿದರೆ ಎಡಕ್ಕೆ ಹೊರಟಿದ್ದವು. 'ನನ್ನ ಸರ್ವೀಸಿನಲ್ಲಿ ಹೀಗಾಗಿದ್ದರೆ ನನ್ನನ್ನ ಸಸ್ಪೆಂಡ್ ಮಾಡೋರು' ಎಂದು ನಕ್ಕರು.

ಆ ಊರಿನ ಚರಿತ್ರೆಯ ಬೀಗದ ಕೈ ಇರುವುದು ಈ ಎಡಬಲದ ಓಟದಲ್ಲಿಯೇ. ಅದು ನಾವು ತಿಳಿದಿರುವ ಅರ್ಥದ ಕಾಲುವೆಗಳ ಊರಲ್ಲ. ಏಡ್ರಿಯಾಟಿಕ್ ಸಮುದ್ರಕ್ಕೂ ನೆಲಕ್ಕೂ ನಡುವೆ ಸುಮಾರು 550 ಚದರ ಕಿಲೋಮೀಟರಿನ ಆಳವಿಲ್ಲದ ಹಿನ್ನೀರೊಂದಿದೆ. ಅವರು ಅದನ್ನು ಲಗೂನು ಎನ್ನುತ್ತಾರೆ. ಮರಳಿನ ಉದ್ದನೆಯ ದಿಬ್ಬಗಳು ಅದನ್ನು ಕಡಲಿನಿಂದ ಮರೆಮಾಡಿವೆ. ದಿಬ್ಬಗಳ ನಡುವೆ ಲೀಡೊ, ಮಲಮೊಕ್ಕೊ, ಕಿಯೊಜ ಎಂಬ ಮೂರು ಅಳಿವೆಗಳು. ಸುಮಾರು ಆರು ಗಂಟೆಗೊಮ್ಮೆ ಉಬ್ಬರದಲ್ಲಿ ಕಡಲು ಒಳಗೆ ಬರುತ್ತದೆ, ಇಳಿತದಲ್ಲಿ ಹೊರಗೆ ಹೋಗುತ್ತದೆ. ಹಿನ್ನೀರಿನ ನಡುವಿನ ನೂರಕ್ಕೂ ಮಿಕ್ಕ ಕೆಸರುಗಡ್ಡೆಗಳ ಮೇಲೆ ಊರು ಕುಳಿತಿದೆ. ಕಾಲುವೆಗಳೆನ್ನುವುವು ಬಹುಮಟ್ಟಿಗೆ ಆ ಗಡ್ಡೆಗಳ ನಡುವೆ ಉಳಿದ ನೀರಿನ ದಾರಿಗಳು. ಯಾರೂ ನೀರನ್ನು ಊರಿಗೆ ತಂದದ್ದಲ್ಲ. ನೀರಿದ್ದೆಡೆಗೆ ಊರು ಬಂದದ್ದು.

ಯಾಕೆ ಬಂತು? 421ನೆಯ ಇಸವಿಯ ಮಾರ್ಚ್ 25ರಂದು ನಗರ ಹುಟ್ಟಿತೆಂದು ಅವರ ಐತಿಹ್ಯ ದಿನಾಂಕವನ್ನೇ ಕೊಡುತ್ತದೆ. ಇಷ್ಟು ಖಚಿತವಾದ ಐತಿಹ್ಯವನ್ನು ಚರಿತ್ರೆಕಾರ ನಂಬಬಾರದು. ನೆಲದ ಮೇಲೆ ದಂಡುಗಳ ಹಾವಳಿ ಹೆಚ್ಚಿದಂತೆಲ್ಲ ಜನ ಸ್ವಲ್ಪ ಸ್ವಲ್ಪವಾಗಿ ಹಿನ್ನೀರಿಗೆ ಸರಿದರೆಂಬುದು ನಿಜ. ಆರನೆಯ ಶತಮಾನದಲ್ಲಿ ಇಟಲಿಯ ಗಾಥ್ ದೊರೆಗಳ ಮಂತ್ರಿಯಾಗಿದ್ದ ಕಾಸಿಯೊಡೋರಸನು ಈ ಜನಕ್ಕೆ ಒಂದು ಕಾಗದ ಬರೆದಿದ್ದಾನೆ. ದನ ಕಟ್ಟುವ ಹಾಗೆ ಮನೆಯ ಗೋಡೆಗೆ ದೋಣಿ ಕಟ್ಟುವವರು, ನೇಗಿಲ ಬದಲು ಉಪ್ಪಿನ ಗದ್ದೆಯಲ್ಲಿ ಉರುಳೆ ಎಳೆಯುವವರು ಎಂದು ಅವರನ್ನು ವರ್ಣಿಸುತ್ತಾನೆ. ಉಪ್ಪು ಮಾರಿ ಬದುಕಿದ ಈ ಬೆಸ್ತರ ಮಕ್ಕಳೇ ಮುಂದೆ ಚಕ್ರವರ್ತಿಗಳಿಗೆ ಸಾಲ ಕೊಟ್ಟರು.

ಮರುದಿನ ನಡೆದೆವು. ವೆನಿಸ್ಸಿನಲ್ಲಿ ನಡೆಯುವುದೆಂದರೆ ದಾರಿ ತಪ್ಪುವುದು. ಬೇರೆ ವಿಧವೇ ಇಲ್ಲ. ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಬೇಕಾದ ಓಣಿ, ಓಣಿಯ ಕೊನೆಗೆ ಸೇತುವೆ. ಕೆಲವು ಕಡೆ ಅದೂ ಇಲ್ಲ, ನಾಲ್ಕು ಪಾಚಿಗಟ್ಟಿದ ಮೆಟ್ಟಿಲು, ಆಮೇಲೆ ನೀರು. ನಾನೂರಕ್ಕೂ ಹೆಚ್ಚು ಸೇತುವೆಗಳನ್ನು ಹತ್ತಿಳಿಯಲು ಅರವತ್ತು ದಾಟಿದ ಮೊಣಕಾಲುಗಳು ಒಪ್ಪುವುದಿಲ್ಲವೆಂಬುದೂ ನಮಗೆ ತಿಳಿಯಿತು. ಬೀದಿಯ ಹೆಸರುಗಳಿಗೂ ಅಲ್ಲಿ ಬೇರೆಯೇ ನಿಘಂಟು ಬೇಕು. ಓಣಿ 'ಕಾಲ್ಲೆ', ಸಣ್ಣ ಕಾಲುವೆ 'ರಿಯೊ', ಕಾಲುವೆಯ ಪಕ್ಕದ ಹಾದಿ 'ಫೊಂದಮೆಂತ', ಚೌಕ 'ಕಾಂಪೊ', ಅಂದರೆ ಹೊಲ. ಒಂದು ಕಾಲಕ್ಕೆ ಅಲ್ಲಿ ಹುಲ್ಲು ಬೆಳೆಯುತ್ತಿತ್ತು. 'ರಿಯೊ ತೆರಾ' ಎಂಬ ಫಲಕ ಕಂಡರೆ ಅದು ಮಣ್ಣು ತುಂಬಿ ಮುಚ್ಚಿದ ಕಾಲುವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹೊಸ ನಾಗರಿಕತೆಯ ಉತ್ಸಾಹದಲ್ಲಿ ಇಂಥ ಅನೇಕ ಕಾಲುವೆಗಳನ್ನು ಮುಚ್ಚಿದರು. ಅಲ್ಲಿ ನೀರು ಹೋದರೂ ಹೆಸರು ಮಾತ್ರ ಉಳಿದಿದೆ. ಮಿತ್ರರು ಆ ಫಲಕವೊಂದರ ಕೆಳಗೆ ನಿಂತು, 'ನಾವು ಹೆಸರನ್ನೂ ಉಳಿಸಲಿಲ್ಲ' ಎಂದರು. ಬೆಂಗಳೂರಿನ ಧರ್ಮಾಂಬುಧಿ ಕೆರೆಯಲ್ಲಿ ಬಸ್ಸು ನಿಲ್ಲುವುದನ್ನು, ಸಂಪಂಗಿ ಕೆರೆಯಲ್ಲಿ ಆಟದ ಬಯಲು ಎದ್ದದ್ದನ್ನು ಬಲ್ಲವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರತಿಯೊಂದು ಚೌಕದ ನಡುವೆಯೂ ಕಲ್ಲಿನ ಕೆತ್ತನೆಯ ಬಾವಿಕಟ್ಟೆ ಇರುತ್ತದೆ. ಪ್ರವಾಸಿಗಳು ಅದರ ಮೇಲೆ ಕುಳಿತು ರೊಟ್ಟಿ ತಿನ್ನುತ್ತಾರೆ. ಉಪ್ಪುನೀರಿನ ಕೆಸರಿನಲ್ಲಿ ಸಿಹಿನೀರಿನ ಬಾವಿ ಎಲ್ಲಿಂದ ಬಂತೆಂದು ನಾನು ಯೋಚಿಸಿರಲೇ ಇಲ್ಲ. ಮಿತ್ರರು ಚೌಕದ ಕಲ್ಲುಹಾಸಿನ ಇಳಿಜಾರನ್ನು ಕಾಲಿನಿಂದಲೇ ಅಳೆದು ಗುಟ್ಟು ಹಿಡಿದರು. ಅದು ಬಾವಿಯಲ್ಲ, ಮಳೆನೀರಿನ ತೊಟ್ಟಿ. ಚೌಕದ ಅಡಿಯಲ್ಲಿ ಹಳ್ಳ ತೋಡಿ, ಉಪ್ಪುನೀರು ನುಗ್ಗದ ಹಾಗೆ ಸುತ್ತ ಜೇಡಿಮಣ್ಣು ಮೆತ್ತಿ, ಒಳಗೆ ಮರಳು ತುಂಬಿ, ನಡುವೆ ಇಟ್ಟಿಗೆಯ ಕೊಳವೆಯಂಥ ಬಾವಿಯನ್ನು ಎಬ್ಬಿಸುತ್ತಿದ್ದರು. ಮಾಡುಗಳ ಮೇಲೆ, ಚೌಕದ ಮೇಲೆ ಬಿದ್ದ ಮಳೆ ಕಲ್ಲಿನ ಕಿಂಡಿಗಳಿಂದ ಇಳಿದು ಮರಳಿನಲ್ಲಿ ಸೋಸಿ ಬಾವಿಗೆ ಬರುತ್ತಿತ್ತು. 1884ರಲ್ಲಿ ನೆಲದ ಕಡೆಯಿಂದ ಕೊಳವೆಯಲ್ಲಿ ನೀರು ಬರುವ ತನಕ ಇಡೀ ನಗರ ಈ ಬಾವಿಗಳನ್ನೇ ನಂಬಿತ್ತು; ಬರಗಾಲದಲ್ಲಿ ದೋಣಿಗಳಲ್ಲಿ ನದಿಯ ನೀರು ತರಿಸುತ್ತಿದ್ದರು. ಸುತ್ತ ಕಣ್ಣು ಹಾಯುವಷ್ಟು ನೀರು, ಆದರೂ ಮಳೆಯ ಒಂದೊಂದು ಹನಿಗೂ ಲೆಕ್ಕ.

ನಡೆದು ದಣಿದ ಮೇಲೆ ದೋಣಿ. ಗೊಂಡೋಲ ಎಂಬ ಕರಿಯ ದೋಣಿಯ ಬಾಡಿಗೆ ನಮ್ಮ ಪಿಂಚಣಿಗೆ ಮೀರಿದ್ದು. ಆದರೆ ಮಹಾಕಾಲುವೆಯನ್ನು ಅಡ್ಡ ದಾಟಿಸುವ 'ತ್ರಗೆತ್ತೊ' ಎಂಬ ಕಡವಿನ ದೋಣಿಯೂ ಗೊಂಡೋಲದ ಜಾತಿಯದೇ. ಅದರಲ್ಲಿ ಸ್ಥಳೀಯರ ಜೊತೆ ನಿಂತುಕೊಂಡು ಎರಡು ನಿಮಿಷ ಹೋಗಬಹುದು. ಒಬ್ಬ ಅಂಬಿಗ ಒಂದೇ ಪಕ್ಕದಲ್ಲಿ ಹುಟ್ಟು ಹಾಕಿದರೂ ಗೊಂಡೋಲ ಸುತ್ತದೆ ನೆಟ್ಟಗೆ ಹೋಗುವ ರಹಸ್ಯವೇನೆಂದರೆ, ಆ ದೋಣಿಯೇ ಸೊಟ್ಟ. ಸುಮಾರು ಹನ್ನೊಂದು ಮೀಟರ್ ಉದ್ದದ ಒಡಲಿನ ಎಡಭಾಗ ಬಲಭಾಗಕ್ಕಿಂತ 24 ಸೆಂಟಿಮೀಟರು ಅಗಲ. ಎಂಟು ಬಗೆಯ ಮರದಿಂದ ಮಾಡುತ್ತಾರೆ. ಕರಿಯ ಬಣ್ಣ ಶೋಕದ್ದಲ್ಲ. ಶ್ರೀಮಂತರು ದೋಣಿಯ ಸಿಂಗಾರದಲ್ಲಿ ಪೈಪೋಟಿಗಿಳಿದಾಗ ಹದಿನಾರನೆಯ ಶತಮಾನದಲ್ಲಿ ಸರ್ಕಾರ ದುಂದುವೆಚ್ಚಕ್ಕೆ ಹಾಕಿದ ಕಡಿವಾಣ.

ನಾವು ಹೆಚ್ಚು ತಿರುಗಿದ್ದು ಬಸ್ಸಿನಂತೆ ಓಡಾಡುವ ವಪೊರೆತ್ತೊ ದೋಣಿಯಲ್ಲಿ. 1881ರಲ್ಲಿ ಆವಿಯ ದೋಣಿಗಳಾಗಿ ಇವು ಮೊದಲು ಬಂದವು. ಮಹಾಕಾಲುವೆ ಸುಮಾರು 3.8 ಕಿಲೋಮೀಟರು ಉದ್ದ, ಹಾವಿನಂತೆ ಎರಡು ಸುತ್ತು ಸುತ್ತಿ ಊರನ್ನು ಸೀಳುತ್ತದೆ. ಅರಮನೆಗಳ ಮುಖವೆಲ್ಲ ನೀರಿನ ಕಡೆಗೆ. ಓಣಿಯ ಕಡೆಯದು ಹಿತ್ತಿಲು. ನಡೆದು ನೋಡಿದವನು ಊರಿನ ಬೆನ್ನನ್ನು ನೋಡಿದಂತೆ, ದೋಣಿಯಲ್ಲಿ ಹೋದವನು ಮುಖವನ್ನು ನೋಡಿದಂತೆ. ಈ ಕಟ್ಟಡಗಳೆಲ್ಲ ನಿಂತಿರುವುದು ಕೆಸರಿಗೆ ಒತ್ತೊತ್ತಾಗಿ ಇಳಿಸಿದ ಮರದ ಗೂಟಗಳ ಮೇಲೆ. ಗಾಳಿ ತಾಗದ ಕೆಸರಿನಲ್ಲಿ ಮರ ಬೇಗ ಕೊಳೆಯುವುದಿಲ್ಲ. 1630–31ರ ಪ್ಲೇಗು ಊರಿನ ಮೂರರಲ್ಲೊಂದು ಪಾಲು ಜನರನ್ನು ಒಯ್ದಾಗ ಹರಕೆ ಹೊತ್ತು ಕಟ್ಟಿದ ಸಲೂಟೆ ಇಗರ್ಜಿಯ ಅಡಿಯಲ್ಲಿ ಹತ್ತು ಲಕ್ಷಕ್ಕೂ ಮಿಕ್ಕ ಗೂಟಗಳಿವೆಯೆಂದು ಹೇಳುತ್ತಾರೆ. ಪರ್ವತದ ಕಾಡು ನದಿಯಲ್ಲಿ ತೇಲಿಬಂದು ಇಲ್ಲಿ ತಲೆಕೆಳಗಾಗಿ ನಿಂತಿದೆ.

ರಿಯಾಲ್ಟೊ ಎಂಬಲ್ಲಿ ಇಳಿದೆವು. ಇದು ಊರಿನ ಹಳೆಯ ಪೇಟೆ. ಇಲ್ಲಿದ್ದ ಮರದ ಸೇತುವೆ 1444ರಲ್ಲಿ ಒಂದು ಮದುವೆಯ ಮೆರವಣಿಗೆ ನೋಡಲು ನೆರೆದ ಜನದ ಭಾರಕ್ಕೆ ಕುಸಿಯಿತು. ಈಗಿನ ಒಂಟಿ ಕಮಾನಿನ ಕಲ್ಲಿನ ಸೇತುವೆ 1588ರಿಂದ 1591ರವರೆಗೆ ಕಟ್ಟಿದ್ದು. ಕಟ್ಟಿದವನ ಹೆಸರೂ ಪೊಂತೆ, ಅಂದರೆ ಸೇತುವೆ. ಸುತ್ತಿನ ಕಟ್ಟೆಗಳಿಗೆ ದ್ರಾಕ್ಷಾರಸದ ಕಟ್ಟೆ, ಕಬ್ಬಿಣದ ಕಟ್ಟೆ, ಇದ್ದಿಲ ಕಟ್ಟೆ ಎಂದು ಇಳಿಯುತ್ತಿದ್ದ ಸರಕಿನದೇ ಹೆಸರು. ಸಂಬಾರ ವ್ಯಾಪಾರಿಗಳ ಬೀದಿಯೂ ಒಂದಿದೆ. ನಾನು ನೋಡಬೇಕೆಂದು ಬಂದದ್ದು ಇದನ್ನು. ಹದಿನೈದನೆಯ ಶತಮಾನದ ಯುರೋಪಿಗೆ ಮೆಣಸು ಬಂದದ್ದು ಮುಖ್ಯವಾಗಿ ಈ ಬೀದಿಯಿಂದ. ಮಲಬಾರು ಕನ್ನಡ ಜಿಲ್ಲೆಗಳ ಘಟ್ಟದ ತಪ್ಪಲಿನಲ್ಲಿ ಬಳ್ಳಿಯಿಂದ ಕೊಯ್ದ ಕಾಳು ಅರಬರ ಹಡಗಿನಲ್ಲಿ ಕೆಂಪುಸಮುದ್ರ ಸೇರಿ, ಕೈರೋ ದಾಟಿ, ಅಲೆಕ್ಸಾಂಡ್ರಿಯದಲ್ಲಿ ವೆನಿಸ್ಸಿನವರ ಕೈಗೆ ಬಂದು, ಇಲ್ಲಿ ತೂಗಿ, ಎದುರು ದಡದಲ್ಲೇ ಇರುವ ಜರ್ಮನ್ ವರ್ತಕರ ಛತ್ರದ ಮೂಲಕ ಆಲ್ಪ್ಸ್ ದಾಟುತ್ತಿತ್ತು. ಬದಲಿಗೆ ಇಲ್ಲಿಂದ ಬಂದದ್ದು ಚಿನ್ನ. 1284ರಿಂದ ಅಚ್ಚು ಹಾಕಿದ ವೆನಿಸ್ಸಿನ ಡುಕಾಟು, ಮೂರೂವರೆ ಗ್ರಾಮಿನ ಬಹುತೇಕ ಅಪ್ಪಟ ಚಿನ್ನದ ನಾಣ್ಯ, ದಕ್ಷಿಣ ಭಾರತದ ನೆಲದಲ್ಲಿ ಇಂದಿಗೂ ಸಿಕ್ಕುತ್ತದೆ.

ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದಿಳಿದದ್ದು ನಮ್ಮ ಚರಿತ್ರೆಯ ಪಾಠ. ಅದು ವೆನಿಸ್ಸಿನ ಚರಿತ್ರೆಯ ಪಾಠವೂ ಹೌದು. 1501ರಲ್ಲಿ ಪೋರ್ಚುಗೀಸರ ಹಡಗು ಮೆಣಸು ಹೊತ್ತು ಲಿಸ್ಬನ್ನಿಗೆ ಮರಳಿದ ಸುದ್ದಿ ರಿಯಾಲ್ಟೊ ತಲುಪಿತು. ಜಿರೊಲಾಮೊ ಪ್ರಿಯುಲಿ ಎಂಬ ವರ್ತಕ ತನ್ನ ದಿನಚರಿಯಲ್ಲಿ, ಗಣರಾಜ್ಯಕ್ಕೆ ಇದಕ್ಕಿಂತ ಕೆಟ್ಟ ಸುದ್ದಿ ಇನ್ನೊಂದಿಲ್ಲವೆಂಬ ಅರ್ಥದಲ್ಲಿ ಬರೆದುಕೊಂಡ. 1504ರಲ್ಲಿ, ಸುಯೆಜಿನ ಬಳಿ ಒಂದು ಕಾಲುವೆ ತೋಡಿ ಎರಡು ಕಡಲನ್ನು ಕೂಡಿಸಬಾರದೇಕೆಂದು ಈಜಿಪ್ಟಿನ ಸುಲ್ತಾನನಿಗೆ ಸೂಚಿಸುವ ಯೋಚನೆಯೂ ಇಲ್ಲಿ ಹುಟ್ಟಿ ಅಲ್ಲಿಗೇ ನಿಂತಿತು. ಇದನ್ನು ಹೇಳಿದಾಗ ಮಿತ್ರರು ಸೇತುವೆಯ ಮೇಲೆ ನಿಂತುಬಿಟ್ಟರು. 'ಎಸ್ಟಿಮೇಟ್ ಹಾಕಿದ್ದರೆ?' ಎಂದರು. ಗಾಮ ಬಂದೊಡನೆ ವೆನಿಸ್ ಬಿದ್ದಿತೆಂದು ನಮ್ಮ ಪಠ್ಯಪುಸ್ತಕಗಳು ಹೇಳುವುದು ಮಾತ್ರ ಸರಿಯಲ್ಲ. ಹದಿನಾರನೆಯ ಶತಮಾನದ ನಡುವಿಗೆ ಕೆಂಪುಸಮುದ್ರದ ದಾರಿ ಮತ್ತೆ ಚೇತರಿಸಿಕೊಂಡಿತು. ಅದನ್ನು ನಿಜವಾಗಿ ಮುರಿದವರು ಮುಂದಿನ ಶತಮಾನದ ಡಚ್ಚರು.

ಮೂರನೆಯ ದಿನ ಮಳೆ ಬಿಡಲಿಲ್ಲ. ಮಾರ್ಚಿಯಾನ ಗ್ರಂಥಾಲಯದಲ್ಲಿರುವ ಫ್ರಾ ಮೌರೊ ಎಂಬ ಸನ್ಯಾಸಿಯ ಭೂಪಟವನ್ನು ನೋಡಲು ಹೋದೆವು. 1450ರ ಸುಮಾರಿನಲ್ಲಿ, ಈಗ ಊರಿನ ಸ್ಮಶಾನವಾಗಿರುವ ಸಾನ್ ಮಿಕೇಲೆ ದ್ವೀಪದ ಮಠದಲ್ಲಿ ಕುಳಿತು ಅವನು ಬರೆಸಿದ ದುಂಡನೆಯ ಭೂಪಟ. ದಕ್ಷಿಣ ಮೇಲೆ, ಉತ್ತರ ಕೆಳಗೆ. ನಮ್ಮ ನಾಡು ತಲೆಕೆಳಗಾಗಿದೆ. ಭಾರತದ ಸಂಗತಿಗಳನ್ನು ಅವನಿಗೆ ಒದಗಿಸಿದವರಲ್ಲಿ ನಿಕೊಲೊ ಕೊಂತಿ ಒಬ್ಬನೆಂದು ವಿದ್ವಾಂಸರು ನಂಬುತ್ತಾರೆ. ಕನ್ನಡಿಗರು ಮರೆಯಬಾರದ ಹೆಸರಿದು. ಈ ಹಿನ್ನೀರಿನ ತೆಂಕಣ ತುದಿಯ ಕಿಯೊಜ ಊರಿನವನು. 1420ರ ಸುಮಾರಿಗೆ ವಿಜಯನಗರವನ್ನು ಕಂಡ. ಅರವತ್ತು ಮೈಲಿ ಸುತ್ತಳತೆಯ, ಬೆಟ್ಟಗಳಿಗೆ ಕೋಟೆ ಹತ್ತಿಸಿದ ನಗರವೆಂದು ಹೇಳಿದ. ಗುಡಿಗಳಲ್ಲಿ, ಮಾಡುಗಳ ಮೇಲೆ ಹಗಲಿರುಳು ಎಣ್ಣೆದೀಪ ಉರಿಯುವ ಹಬ್ಬವನ್ನು ವರ್ಣಿಸಿದ. ಇಪ್ಪತ್ತೈದು ವರ್ಷ ಅಲೆದು, ಪೂರ್ವದೇಶದಲ್ಲೇ ಮದುವೆಯಾಗಿ, ಹೆಂಡತಿ ಮಕ್ಕಳೊಡನೆ ಹೊರಟವನು ದಾರಿಯಲ್ಲಿ ಅವರ ಪ್ರಾಣದ ಭಯಕ್ಕೆ ಮತ ಬಿಟ್ಟ. ಆದರೆ ಈಜಿಪ್ಟಿನಲ್ಲಿ ಪ್ಲೇಗು ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಕೊಂಡೊಯ್ಯಿತು. 1444ರಲ್ಲಿ ಮರಳಿ ಬಂದು ಪೋಪನ ಬಳಿ ಕ್ಷಮೆ ಬೇಡಿದಾಗ ಸಿಕ್ಕ ಪ್ರಾಯಶ್ಚಿತ್ತ, ಕಂಡದ್ದನ್ನೆಲ್ಲ ಪೋಪನ ಕಾರ್ಯದರ್ಶಿ ಪೊಗ್ಗಿಯೊ ಬ್ರಾಚೊಲಿನಿಗೆ ಹೇಳಿ ಬರೆಸುವುದೆಂದು ಕತೆ. ಹಂಪೆಯ ಬಗ್ಗೆ ಯುರೋಪಿನವರಿಂದ ಸಿಕ್ಕಿರುವ ಮೊದಲ ವಿವರ ಹೀಗೆ ಮಕ್ಕಳನ್ನು ಕಳೆದುಕೊಂಡ ತಂದೆಯೊಬ್ಬನ ಪ್ರಾಯಶ್ಚಿತ್ತವಾಗಿ ನಮಗೆ ಬಂದಿದೆ.

ಒಂದನೆಯ ದೇವರಾಯ ತುಂಗಭದ್ರೆಗೆ ಅಣೆ ಕಟ್ಟಿಸಿ ಊರಿಗೆ ನೀರು ತಂದನೆಂದು ಪೋರ್ಚುಗೀಸ ನೂನಿಜ್ ಬರೆದಿದ್ದಾನಲ್ಲ. ಕೊಂತಿ ಬಂದಾಗ ಆ ಕೆಲಸ ಇನ್ನೂ ಹೊಸದು. ಹಂಪೆಯ ತುರ್ತು ಕಾಲುವೆ ಇಂದಿಗೂ ಬಾಳೆತೋಟಗಳಿಗೆ ಹರಿಯುತ್ತಿದೆ. 'ನೀರಿನ ಊರಿನವನು, ಕಾಲುವೆಯ ಮಾತು ಒಂದಾದರೂ ಆಡಬಾರದಿತ್ತೆ?' ಎಂದು ಮಿತ್ರರಿಗೆ ಕೊಂತಿಯ ಮೇಲೆ ಕೋಪ. ಅವರು ಭೂಪಟದಲ್ಲಿ ತುಂಗಭದ್ರೆಯನ್ನು ಹುಡುಕಲು ಬಗ್ಗಿದರು. ಕಾವಲುಗಾರ ನಯವಾಗಿ ಹಿಂದೆ ಸರಿಸಿದ.

ಅದೇ ಕಡಲಿನಿಂದ 1563ರಲ್ಲಿ ಹೊರಟ ಇನ್ನೊಬ್ಬ ವ್ಯಾಪಾರಿ ಚೆಸಾರೆ ಫೆದರಿಚಿ. ಅವನು ವಿಜಯನಗರವನ್ನು ಮುಟ್ಟಿದ್ದು 1567ರಲ್ಲಿ, ರಕ್ಕಸತಂಗಡಿಯ ಯುದ್ಧವಾಗಿ ಎರಡು ವರ್ಷಗಳ ಮೇಲೆ. ಮನೆಗಳು ನಿಂತೇ ಇದ್ದವು, ಒಳಗೆ ಜನವಿರಲಿಲ್ಲ; ಹುಲಿ ಮೊದಲಾದ ಮೃಗಗಳು ವಾಸಿಸುತ್ತವೆಂದು ಕೇಳಿದ. ಕಳ್ಳಕಾಕರ ಭಯದಿಂದ ಏಳು ತಿಂಗಳು ಅಲ್ಲೇ ಉಳಿದು, ಅಂಕೋಲದ ದಾರಿಯಾಗಿ ಗೋವೆಗೆ ಹೋದ. ತುಂಬಿದ ಹಂಪೆಯನ್ನು ಕಂಡವನೂ ಈ ಹಿನ್ನೀರಿನ ರಾಜ್ಯದ ಪ್ರಜೆ, ಬರಿದಾದದ್ದನ್ನು ಕಂಡವನೂ ಇದೇ ರಾಜ್ಯದ ಪ್ರಜೆ.

ಗ್ರಂಥಾಲಯಕ್ಕೆ ಅಂಟಿಕೊಂಡ ಕೊರೆರ್ ವಸ್ತುಸಂಗ್ರಹಾಲಯದಲ್ಲಿ ಒಂದು ಕಲ್ಲಿನ ಶಾಸನವಿದೆ. 1501ರಲ್ಲಿ ಸ್ಥಾಪಿತವಾದ ನೀರಿನ ಅಧಿಕಾರಿಗಳ ಕಚೇರಿಯಲ್ಲಿ ಅದು ಇತ್ತು. ಎಗ್ನಾಜಿಯೊ ಎಂಬ ಪಂಡಿತನ ಲ್ಯಾಟಿನ್. ನೀರೇ ಈ ನಗರದ ಕೋಟೆಗೋಡೆ, ನೀರಿಗೆ ಕೆಡುಕು ಮಾಡಿದವನು ರಾಜ್ಯದ ಶತ್ರು ಎಂಬುದು ಅದರ ತಾತ್ಪರ್ಯ. ಮಿತ್ರರು ಅದನ್ನು ನನ್ನಿಂದ ಎರಡು ಸಲ ಹೇಳಿಸಿಕೊಂಡರು. ಅವರ ಕಾಲದಲ್ಲಿ ತೂಬು ಒಡೆದವರ ಮೇಲೆ ದಾಖಲಿಸಿದ ಮೊಕದ್ದಮೆಗಳು ಏನಾದವೆಂಬುದನ್ನು ನಾನು ಹಿಂದೆ ಕೇಳಿದ್ದೇನೆ.

ಆ ಕಚೇರಿ ಬರಿಯ ಶಾಸನ ಬರೆಸಲಿಲ್ಲ. ಬ್ರೆಂತಾ, ಪಿಯಾವೆ, ಸಿಲೆ ನದಿಗಳು ಪರ್ವತದ ಮಣ್ಣನ್ನು ತಂದು ಹಿನ್ನೀರನ್ನು ಹೂಳುತ್ತಿದ್ದವು. ಹೂಳು ತುಂಬಿದರೆ ನೆಲವಾಗುತ್ತದೆ. ನೆಲವಾದರೆ ಕೋಟೆ ಹೋಗುತ್ತದೆ, ಮಲೇರಿಯ ಬರುತ್ತದೆ. ಆದ್ದರಿಂದ ಈ ಜನ ನದಿಗಳನ್ನೇ ತಿರುಗಿಸಿದರು. ಹಿನ್ನೀರನ್ನು ಸುತ್ತುಹಾಕಿ ಕಡಲು ಸೇರುವಂತೆ ಹೊಸ ಪಾತ್ರ ತೋಡಿದರು. ಹದಿನೇಳನೆಯ ಶತಮಾನದ ಮೊದಲ ವರ್ಷಗಳಲ್ಲಿ ಪೊ ಮಹಾನದಿಯ ಮುಖವನ್ನೇ ದಕ್ಷಿಣಕ್ಕೆ ಹೊರಳಿಸಿದರು. 1744ರಿಂದ ನಾಲ್ಕು ದಶಕ ಕೆಲಸ ಮಾಡಿ ಕಡಲಿನ ಕಡೆಗೆ ಕಲ್ಲಿನ ಒಡ್ಡು ಹಾಕಿದರು. ಅದು ಮುಗಿದ ಮೇಲೆ ಗಣರಾಜ್ಯ ಹದಿನೈದು ವರ್ಷವೂ ಉಳಿಯಲಿಲ್ಲ. 1797ರ ಮೇ 12ರಂದು, ನೆಪೋಲಿಯನ್ನನ ಬೆದರಿಕೆಗೆ ಮಣಿದು ಅದರ ಮಹಾಸಭೆ ತನ್ನನ್ನು ತಾನೇ ರದ್ದುಮಾಡಿಕೊಂಡಿತು. ಕಾದಾಟ ನಡೆಯಲಿಲ್ಲ. ಊರು ಉಳಿಯಿತು, ಹಂಪೆಯಂತೆ ಆಗಲಿಲ್ಲ.

ನೀರಿಗೆ ಶತ್ರುಗಳು ಆಮೇಲೆ ಬಂದರು. ಇಪ್ಪತ್ತನೆಯ ಶತಮಾನದಲ್ಲಿ ಎದುರು ದಡದ ಮಾರ್ಘೇರದಲ್ಲಿ ಕಾರ್ಖಾನೆಗಳು ಎದ್ದವು, ಅವುಗಳಿಗಾಗಿ ಕೊಳವೆಬಾವಿಗಳಿಂದ ಅಂತರ್ಜಲ ಎತ್ತಿದರು, ಊರು ಕುಸಿಯಿತು. 1970ರ ದಶಕದಲ್ಲಿ ಅದನ್ನು ನಿಲ್ಲಿಸಿದರೂ ಕುಸಿದ ನೆಲ ಮೇಲೇಳಲಿಲ್ಲ. ಎಣ್ಣೆ ಹಡಗುಗಳಿಗೆಂದು 1960ರ ದಶಕದಲ್ಲಿ ಹಿನ್ನೀರಿನಲ್ಲಿ ಆಳವಾದ ನಾಲೆ ತೋಡಿದರು. ಕಡಲೂ ಏರುತ್ತ ಬಂತು. ಹದಿನೆಂಟನೆಯ ಶತಮಾನದ ಕನಲೆತ್ತೊ ಎಂಬ ಚಿತ್ರಕಾರ ಅರಮನೆಗಳ ಗೋಡೆಯ ಪಾಚಿಯ ಗೆರೆಯನ್ನೂ ಇದ್ದ ಹಾಗೆ ಬರೆದಿದ್ದಾನೆ. ವಿಜ್ಞಾನಿಗಳು ಆ ಚಿತ್ರಗಳಿಂದ ಗೆರೆ ಅಳೆದು, ಅಂದಿನಿಂದ ನೀರು ಸುಮಾರು 60 ಸೆಂಟಿಮೀಟರು ಮೇಲೆ ಬಂದಿದೆಯೆಂದು ಕಂಡುಕೊಂಡರು. 1966ರ ನವೆಂಬರ್ 4ರಂದು ಉಬ್ಬರ 194 ಸೆಂಟಿಮೀಟರು ಮುಟ್ಟಿತು. 2019ರ ನವೆಂಬರ್ 12ರಂದು 187. ಇನ್ನೊಂದು ವಿಪರೀತ ಕೇಳಿ. 1996ರ ಜನವರಿ 29ರಂದು ಫೆನಿಚೆ ಎಂಬ ಪ್ರಸಿದ್ಧ ರಂಗಮಂದಿರ ಸುಟ್ಟುಹೋಯಿತು. ಹೂಳೆತ್ತಲೆಂದು ಪಕ್ಕದ ಕಾಲುವೆಗಳನ್ನು ಒಣಗಿಸಿದ್ದರಿಂದ ಬೆಂಕಿ ಆರಿಸುವ ದೋಣಿ ಹತ್ತಿರ ಬರಲಾಗಲಿಲ್ಲ.

ಈಗ ಮೂರು ಅಳಿವೆಗಳ ತಳದಲ್ಲಿ 78 ಉಕ್ಕಿನ ಬಾಗಿಲುಗಳು ಮಲಗಿವೆ. ದೊಡ್ಡ ಉಬ್ಬರದ ಮುನ್ಸೂಚನೆ ಬಂದಾಗ ಗಾಳಿ ತುಂಬಿ ಅವುಗಳನ್ನು ಎಬ್ಬಿಸುತ್ತಾರೆ. ಲಂಚದ ಹಗರಣ, ಬಂಧನ, ವರ್ಷಗಟ್ಟಲೆ ವಿಳಂಬ ಎಲ್ಲ ದಾಟಿ 2020ರ ಅಕ್ಟೋಬರ್ 3ರಂದು ಮೊದಲ ಸಲ ಅವು ಊರನ್ನು ಕಾದವು. ನಾವಿದ್ದ ವಾರವೂ ಎದ್ದಿದ್ದವು. ಹೊರಗೆ ಬಿರುಗಾಳಿಗೆ ಕಡಲು ಉಕ್ಕುತ್ತಿದ್ದಾಗ ನಾವು ಸಾನ್ ಮಾರ್ಕೊ ಚೌಕದಲ್ಲಿ ಒಣಗಿದ ಕಲ್ಲಿನ ಮೇಲೆ ನಿಂತಿದ್ದೆವು. ಮಿತ್ರರಿಗೆ ಸಂತೋಷವೇ ಆಯಿತು, ಆದರೆ ಪೂರ್ತಿಯಾಗಿ ಅಲ್ಲ. 'ಬಾಗಿಲು ಮುಚ್ಚಿದರೆ ಉಬ್ಬರ ಇಳಿತ ನಿಲ್ತದೆ. ಊರಿನ ಕೊಳೆ ತೊಳೆಯೋದು ಅದೇ ತಾನೆ? ವರ್ಷಕ್ಕೆ ಹತ್ತು ಸಲ ಮುಚ್ಚಬಹುದು. ಕಡಲು ಇನ್ನೂ ಏರಿದರೆ ನೂರು ಸಲ ಮುಚ್ಚಬೇಕು' ಎಂದರು. ಹಿನ್ನೀರನ್ನು ಹಿನ್ನೀರಾಗಿಯೇ ಉಳಿಸಲು ನದಿಗಳನ್ನು ತಿರುಗಿಸಿದ ಊರಿಗೆ ಇದು ಸಣ್ಣ ಪ್ರಶ್ನೆಯಲ್ಲ.

ಕೊನೆಯ ಸಂಜೆ ರಿಯಾಲ್ಟೊ ಬಳಿಯ ಸಾನ್ ಬರ್ತೊಲೊಮೆಯೊ ಚೌಕಕ್ಕೆ ಹೋದೆವು. ಅಲ್ಲಿ ಒಂದು ಔಷಧಿ ಅಂಗಡಿಯ ಕಿಟಕಿಯಲ್ಲಿ 2008ರಿಂದ ಒಂದು ಅಂಕಿಪಟ್ಟಿ ಇದೆ. ದ್ವೀಪನಗರದಲ್ಲಿ ನೆಲಸಿರುವವರ ಸಂಖ್ಯೆ ಅದರಲ್ಲಿ ಉರಿಯುತ್ತಿರುತ್ತದೆ. 1951ರಲ್ಲಿ ಸುಮಾರು ಒಂದು ಲಕ್ಷ ಎಪ್ಪತ್ತೈದು ಸಾವಿರ ಜನರಿದ್ದರು. ಆ ಸಂಜೆ ಕಿಟಕಿಯಲ್ಲಿದ್ದದ್ದು ಐವತ್ತು ಸಾವಿರಕ್ಕೂ ಕಡಿಮೆ. ಮನೆಗಳು ಪ್ರವಾಸಿಗಳ ತಂಗುದಾಣಗಳಾಗಿವೆ. ಮಾಲೀಕರು ರೈಲು ಸೇತುವೆಯ ಆಚೆ ನೆಲಕ್ಕೆ ಹೋಗಿದ್ದಾರೆ. ನನಗೆ ಫೆದರಿಚಿ ಕಂಡ ಮನೆಗಳು ನೆನಪಾದವು. ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ.

ಮಿತ್ರರ ಜೇಬಿನಲ್ಲಿ ಯಾವಾಗಲೂ ಒಂದು ಸಣ್ಣ ಪುಸ್ತಕ. ನೌಕರಿಯ ಕಾಲದಿಂದ ಬಂದ ಅಭ್ಯಾಸ; ಎಲ್ಲಿ ಹೋದರೂ ತಾರೀಖು, ವೇಳೆ, ನೀರಿನ ಮಟ್ಟ ಬರೆದುಕೊಳ್ಳುತ್ತಾರೆ. ಆ ನಾಲ್ಕು ದಿನವೂ ಬೆಳಿಗ್ಗೆ ಸಂಜೆ ಹೋಟೆಲಿನ ಮೆಟ್ಟಿಲು ಎಣಿಸಿ ಬರೆದಿದ್ದರು. ಕನ್ನಡಕ ಹಾಕಿಕೊಂಡು ಕಿಟಕಿಯ ಸಂಖ್ಯೆಯನ್ನು ಅದೇ ಪುಟದಲ್ಲಿ, ನೀರಿನ ಮಟ್ಟದ ಪಕ್ಕದ ಕಾಲಮಿನಲ್ಲಿ ಬರೆದುಕೊಂಡರು. ಆಮೇಲೆ ಕೊನೆಯ ದೋಣಿ ತಪ್ಪೀತೆಂದು ಇಬ್ಬರೂ ಬೇಗಬೇಗ ಕಟ್ಟೆಯ ಕಡೆಗೆ ನಡೆದೆವು.